ಕೌಟುಂಬಿಕ ನ್ಯಾಯಾಲಯದ ಸೇವೆ: ಮಗು ಯಾರ ಬಳಿ, ಖರ್ಚು ಯಾರ ಹೆಗಲಿಗೆ?

ಗಂಡ ಹೆಂಡತಿ ಬೇರೆಯಾಗುವುದು ಖಾತ್ರಿಯಾದ ಮೇಲೆ ಮಗುವಿನ ಮಟ್ಟಿಗೆ ಉಳಿಯುವ ಪ್ರಶ್ನೆ ಎರಡು. ಅದು ಯಾರ ಬಳಿ ಬೆಳೆಯಬೇಕು? ಬೆಳೆಸುವ ಖರ್ಚಿನಲ್ಲಿ ಯಾರ ಪಾಲೆಷ್ಟು? ಭಾರತದಲ್ಲಿ ಇಂಥ ವ್ಯಾಜ್ಯಗಳನ್ನೆಲ್ಲ ಒಂದೇ ಸೂರಿನಡಿ ತೀರ್ಮಾನಿಸಲೆಂದೇ 1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂತು. ಈ ವಿಮರ್ಶೆ ಆ ನ್ಯಾಯಾಲಯ ಕೊಡುವ ಸೇವೆಯದ್ದು: ಸಮಾಲೋಚನೆ, ಮಧ್ಯಸ್ಥಿಕೆ, ಮಗುವಿನ ಸುಪರ್ದಿ (ಅಂದರೆ ಮಗು ಯಾರ ವಶದಲ್ಲಿ ಎಂಬುದು), ಜೀವನಾಂಶ, ಕೊನೆಗೆ ವಸೂಲಿ. ವಿಚ್ಛೇದನದ ಭಾಗವನ್ನು ಇಲ್ಲಿ ಮುಟ್ಟಿಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಸೇವೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಮಧ್ಯಸ್ಥಿಕೆಯ ಕೋಣೆ, ಎಲ್ಲಕ್ಕಿಂತ ಸೊರಗಿರುವುದು ಆದೇಶದ ಜಾರಿ. ಜಾರಿಯ ಹೊತ್ತಿಗೆ ಏಳುವ ಜಗಳಗಳನ್ನು ಮೊದಲೇ ಊಹಿಸಿ ಕಾಗದದ ಮೇಲೆ ತೀರಿಸಿಕೊಂಡವರಿಗೆ ಇಲ್ಲಿ ನಿಜಕ್ಕೂ ಪರಿಹಾರ ಸಿಗುತ್ತದೆ. "ಆಮೇಲೆ ನೋಡಿಕೊಂಡರಾಯ್ತು" ಎಂದು ಸಹಿ ಹಾಕಿದವರು ಅದೇ ಮೆಟ್ಟಿಲನ್ನು ವರ್ಷಗಟ್ಟಲೆ ಹತ್ತಿಳಿಯುತ್ತಾರೆ.

ಯಾವ ಕಾಯ್ದೆ, ಯಾವ ಊರು

ಹೊಸದಾಗಿ ಬಂದವರನ್ನು ಗಾಬರಿಗೊಳಿಸುವುದು ದಾರಿಗಳ ಸಂಖ್ಯೆ. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ ಪ್ರಕರಣ ನಡೆಯುತ್ತಿದ್ದರೆ ಅದರೊಳಗೇ 26ನೇ ಕಲಮಿನಡಿ ಮಗುವಿನ ಸುಪರ್ದಿ, ಪೋಷಣೆ, ಶಿಕ್ಷಣ ಮೂರಕ್ಕೂ ಆದೇಶ ಕೇಳಬಹುದು. ಪ್ರಕರಣವೇ ಇಲ್ಲದಿದ್ದರೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ ಇದೆ. ಅದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಜೀವನಾಂಶ ಮಾತ್ರ ಸಾಕೆಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮೇ 2024ರ ಜುಲೈ 1ರಿಂದ ಈ ಹೊಸ ಸಂಖ್ಯೆಯಲ್ಲಿ ಬಂದಿದೆ. ಇದಕ್ಕೂ ಧರ್ಮದ ಗಡಿಯಿಲ್ಲ, ತಂದೆ ತಾಯಿಗೆ ಮದುವೆಯಾಗಿತ್ತೇ ಎಂಬ ಪ್ರಶ್ನೆಯೂ ಮಗುವಿನ ಹಕ್ಕಿಗೆ ಅಡ್ಡ ಬರುವುದಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 20ನೇ ಕಲಮಿನಡಿ ಹಣದ ಪರಿಹಾರ, 21ನೇ ಕಲಮಿನಡಿ ಮಗುವಿನ ತಾತ್ಕಾಲಿಕ ಸುಪರ್ದಿ ಕೇಳಬಹುದು. ಭೇಟಿಯಿಂದ ಮಗುವಿಗೆ ಹಾನಿಯಾಗುತ್ತದೆ ಎಂದು ಕಂಡರೆ ಭೇಟಿಯನ್ನೇ ನಿರಾಕರಿಸುವ ಅಧಿಕಾರವೂ ಆ ಕಲಮಿನಲ್ಲಿದೆ.

ಎಲ್ಲ ದಾರಿಯಲ್ಲೂ ಒಮ್ಮೆಗೇ ಅರ್ಜಿ ಹಾಕಿಸುವ ಸಲಹೆ ಸಾಮಾನ್ಯ. ನಾವು ಅದನ್ನು ಒಪ್ಪುವುದಿಲ್ಲ. ಕಾನೂನು ಅದನ್ನು ತಡೆಯುವುದಿಲ್ಲ ನಿಜ. ಆದರೆ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಸ್ಪಷ್ಟಪಡಿಸಿದಂತೆ, ಒಂದು ಕಡೆ ಸಿಕ್ಕ ಜೀವನಾಂಶವನ್ನು ಇನ್ನೊಂದು ಕಡೆ ತಿಳಿಸಲೇಬೇಕು, ಅದನ್ನು ಲೆಕ್ಕದಲ್ಲಿ ಕಳೆದೇ ಎರಡನೆಯ ಆದೇಶ ಬರುತ್ತದೆ. ಮೂರು ಪ್ರಕರಣ ಹಾಕಿದರೆ ಹಣ ಮೂರು ಪಟ್ಟಾಗುವುದಿಲ್ಲ, ವಾಯಿದೆಗಳು ಮಾತ್ರ ಮೂರು ಪಟ್ಟಾಗುತ್ತವೆ.

ಊರಿನ ವಿಷಯದಲ್ಲಿ ಎಡವುವವರು ಬಹಳ. 1890ರ ಕಾಯ್ದೆಯ 9ನೇ ಕಲಮಿನ ಪ್ರಕಾರ ಮಗು ಸಾಮಾನ್ಯವಾಗಿ ವಾಸವಾಗಿರುವ ಸ್ಥಳದ ನ್ಯಾಯಾಲಯಕ್ಕೇ ಸುಪರ್ದಿಯ ಅರ್ಜಿ ಹೋಗಬೇಕು. ಇಲ್ಲಿ "ಸಾಮಾನ್ಯವಾಗಿ" ಎಂಬ ಪದಕ್ಕೆ ತೂಕವಿದೆ. ಹೋದ ವಾರ ಮಗುವನ್ನು ತವರಿಗೋ ಅಜ್ಜಿಯ ಮನೆಗೋ ಕರೆದೊಯ್ದು ಅಲ್ಲಿಂದಲೇ ಅರ್ಜಿ ಹಾಕಿದರೆ, ಎದುರು ಪಕ್ಷದ ಮೊದಲ ತಕರಾರೇ ವ್ಯಾಪ್ತಿಯದ್ದಾಗುತ್ತದೆ. ಅದು ಇತ್ಯರ್ಥವಾಗುವ ಹೊತ್ತಿಗೆ ಮಗುವಿನ ಒಂದು ಶಾಲಾ ವರ್ಷ ಕಳೆದಿರುತ್ತದೆ. ಶಾಲೆಯ ದಾಖಲಾತಿ, ಲಸಿಕೆಯ ಕಾರ್ಡು, ವೈದ್ಯರ ಚೀಟಿ ಯಾವ ಊರಿನವು ಎಂದು ನೋಡಿಕೊಂಡು ಅಲ್ಲೇ ಹಾಕುವುದು ಕ್ಷೇಮ.

ಸುಪರ್ದಿ: ನ್ಯಾಯಾಧೀಶರು ನೋಡುವುದೇನು

ಐದು ವರ್ಷದೊಳಗಿನ ಮಗು ತಾಯಿಗೆ, ಆಮೇಲೆ ತಂದೆಗೆ ಎಂಬ ಮಾತು ಕೋರ್ಟಿನ ಕಾರಿಡಾರಿನಲ್ಲಿ ದಿನವೂ ಕೇಳುತ್ತದೆ. ಅದರಲ್ಲಿ ಅರ್ಧ ಮಾತ್ರ ಸರಿ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮು ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ. ಐದು ತುಂಬಿದ ದಿನ ತಂದೆಗೆ ಒಪ್ಪಿಸಿ ಎಂದು ಎಲ್ಲೂ ಹೇಳಿಲ್ಲ. ಅದೇ ಕಾಯ್ದೆಯ 13ನೇ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದಿದೆ. ಸಹಜ ಪಾಲಕ "ತಂದೆ, ಅವನ ನಂತರ ತಾಯಿ" ಎಂಬ ಮಾತನ್ನೂ ಸುಪ್ರೀಂ ಕೋರ್ಟ್ 1999ರ ಗೀತಾ ಹರಿಹರನ್ ಪ್ರಕರಣದಲ್ಲಿ ಬಿಡಿಸಿ ಹೇಳಿತು: ನಂತರ ಎಂದರೆ ಸತ್ತ ಮೇಲೆ ಎಂದಲ್ಲ, ತಂದೆ ಮಗುವಿನ ಹೊಣೆ ಹೊರದೆ ದೂರವಿದ್ದಾಗ ಎಂದೂ ಅರ್ಥ.

ಹಾಗಾದರೆ ಹಿತವನ್ನು ಅಳೆಯುವುದು ಹೇಗೆ? ಇಷ್ಟು ದಿನ ಮಗುವಿನ ದಿನಚರಿ ಯಾರ ಕೈಯಲ್ಲಿತ್ತು, ಶಾಲೆ ಬದಲಾಗುತ್ತದೆಯೇ, ಕೆಲಸಕ್ಕೆ ಹೋದಾಗ ನೋಡಿಕೊಳ್ಳುವವರು ಯಾರು, ಅಣ್ಣ ತಂಗಿ ಬೇರೆಯಾಗುತ್ತಾರೆಯೇ, ಇನ್ನೊಬ್ಬ ಪೋಷಕರ ಜೊತೆ ಮಗುವಿನ ಒಡನಾಟವನ್ನು ಯಾರು ಉಳಿಸಿಕೊಡುತ್ತಾರೆ. ಈ ಕೊನೆಯದನ್ನು ಕಕ್ಷಿದಾರರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎದುರಿನವರನ್ನು ಕೆಟ್ಟವರೆಂದು ಸಾಬೀತು ಮಾಡಲು ನಲವತ್ತು ಪುಟ ಬರೆದು, ಮಗು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತದೆ ಎಂಬುದನ್ನು ಒಂದು ಸಾಲಿನಲ್ಲೂ ಬರೆಯದ ಅರ್ಜಿಗಳು ಕಡತಗಳಲ್ಲಿ ತುಂಬಿವೆ. ಇದರ ಬದಲು ಒಂದು ವಾರದ ದಿನಚರಿ, ಹಿಂದಿನ ಎರಡು ವರ್ಷದ ಪೋಷಕರ ಸಭೆಗೆ ಯಾರು ಹೋಗಿದ್ದರು ಎಂಬ ವಿವರ, ವೈದ್ಯರಲ್ಲಿಗೆ ಕರೆದೊಯ್ದ ಚೀಟಿಗಳನ್ನು ಲಗತ್ತಿಸಿ. ಕೌಟುಂಬಿಕ ನ್ಯಾಯಾಲಯದ ಕಾಯ್ದೆಯ 14ನೇ ಕಲಮು ಸಾಕ್ಷ್ಯದ ಕಟ್ಟುನಿಟ್ಟನ್ನು ಸಡಿಲಿಸಿದೆ. ವಿವಾದ ಬಗೆಹರಿಸಲು ನೆರವಾಗುವ ಯಾವ ದಾಖಲೆಯನ್ನಾದರೂ ನ್ಯಾಯಾಧೀಶರು ತೆಗೆದುಕೊಳ್ಳಬಹುದು.

ಸಂಬಳ ಹೆಚ್ಚಿದ್ದವರಿಗೆ ಮಗು ಎಂಬುದೂ ತಪ್ಪು ತಿಳಿವಳಿಕೆ. ಸಂಬಳದ ಕೊರತೆ ತುಂಬಲೆಂದೇ ಜೀವನಾಂಶವಿದೆ.

ಬುದ್ಧಿ ಬಲಿತ ಮಗುವಿನ ಅಭಿಪ್ರಾಯವನ್ನು ನ್ಯಾಯಾಲಯ ಪರಿಗಣಿಸಬಹುದು ಎಂದು 1890ರ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಇಂತಿಷ್ಟೇ ವಯಸ್ಸು ಎಂದು ನಿಗದಿಪಡಿಸಿಲ್ಲ. ನ್ಯಾಯಾಧೀಶರು ಸಾಮಾನ್ಯವಾಗಿ ಮಗುವನ್ನು ತಮ್ಮ ಕೊಠಡಿಗೆ ಕರೆಸಿ ಒಬ್ಬರೇ ಮಾತಾಡುತ್ತಾರೆ. ಹೇಳಿಕೊಟ್ಟು ಕಳಿಸಿದ ಮಗು ಅಲ್ಲಿ ಬೇಗ ಗೊತ್ತಾಗಿಬಿಡುತ್ತದೆ. "ಅಪ್ಪ ಜೀವನಾಂಶ ಕಟ್ಟಿಲ್ಲ" ಎಂದು ಏಳು ವರ್ಷದ ಮಗು ಹೇಳಿದರೆ ಆ ಪದವನ್ನು ಯಾರು ಕಲಿಸಿದರು ಎಂಬುದೇ ಮುಂದಿನ ಪ್ರಶ್ನೆ. ಒಬ್ಬರ ಮನಸ್ಸಿನ ವಿಷವನ್ನು ಮಗುವಿನೊಳಗೆ ಇಳಿಸುವುದರ ಅಪಾಯವನ್ನು ಸುಪ್ರೀಂ ಕೋರ್ಟ್ 2017ರ ವಿವೇಕ್ ಸಿಂಗ್ ವಿರುದ್ಧ ರೋಮನಿ ಸಿಂಗ್ ಪ್ರಕರಣದಲ್ಲಿ ಗುರುತಿಸಿದೆ.

ಮುಖ್ಯ ಅರ್ಜಿ ಮುಗಿಯುವವರೆಗೆ ಮಧ್ಯಂತರ ಸುಪರ್ದಿ ಮತ್ತು ಭೇಟಿಯ ಮಧ್ಯಂತರ ಅರ್ಜಿ (ಐಎ) ಹಾಕುವುದನ್ನು ಮುಂದೂಡಬೇಡಿ. ಆರು ತಿಂಗಳು ಸುಮ್ಮನಿದ್ದು ಆಮೇಲೆ ಕೇಳಿದರೆ, ಆ ಆರು ತಿಂಗಳ ವ್ಯವಸ್ಥೆಯೇ ಮಗುವಿಗೆ ಒಗ್ಗಿದ ಬದುಕು ಎಂಬ ವಾದ ಎದುರಿಗೆ ಸಿದ್ಧವಾಗಿರುತ್ತದೆ.

ಭೇಟಿಯ ಕೋಣೆ

ಮಧ್ಯಂತರ ಹಂತದಲ್ಲಿ ಹಲವು ಕಡೆ ಭೇಟಿಯಾಗುವುದು ನ್ಯಾಯಾಲಯದ ಮಕ್ಕಳ ಕೋಣೆಯಲ್ಲೇ. ಒಂದು ಮೂಲೆಯಲ್ಲಿ ಚಕ್ರ ಕಳಚಿದ ಲಾರಿ, ಬಣ್ಣ ಮಾಸಿದ ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಗಡಿಯಾರ. ಮಗು ತನ್ನ ಚೀಲವನ್ನು ಬೆನ್ನಿಂದ ಇಳಿಸದೆ ಮೊದಲ ಇಪ್ಪತ್ತು ನಿಮಿಷ ನಿಂತೇ ಇರುತ್ತದೆ. ಒಂದು ಗಂಟೆಯ ಭೇಟಿಯಲ್ಲಿ ಉಳಿದದ್ದು ನಲವತ್ತು ನಿಮಿಷ. ಹಿಂಸೆಯ ಆರೋಪ ಇರುವಲ್ಲಿ, ಬಹಳ ಕಾಲದಿಂದ ನೋಡದಿದ್ದ ಮಗುವಿಗೆ ಪರಿಚಯ ಬೇಕಾದಲ್ಲಿ ಮೂರನೆಯವರ ಕಣ್ಣೆದುರಿನ ಈ ಭೇಟಿ ಅಗತ್ಯ. ಉಳಿದವರು ಇದನ್ನು ಮೊದಲ ನಾಲ್ಕೈದು ವಾರಕ್ಕೆ ಸೀಮಿತಗೊಳಿಸಿ, ನಂತರ ಉದ್ಯಾನ, ಆಮೇಲೆ ಮನೆ, ಆಮೇಲೆ ರಾತ್ರಿಯ ತಂಗುವಿಕೆ ಎಂದು ಹಂತ ಹಂತವಾಗಿ ಆದೇಶದಲ್ಲೇ ಬರೆಸಿಕೊಳ್ಳಬೇಕು. ಭೇಟಿಗೆ ಬರುವವರು ಮಗುವಿಗೆ ಗೊತ್ತಿರುವ ಹಳೆಯ ಆಟಿಕೆಯನ್ನೋ ಪುಸ್ತಕವನ್ನೋ ತಂದರೆ ಚೀಲ ಬೇಗ ಕೆಳಗಿಳಿಯುತ್ತದೆ. ದುಬಾರಿ ಉಡುಗೊರೆ ಮುಂದಿನ ವಾಯಿದೆಯಲ್ಲಿ ಇನ್ನೊಂದು ತಕರಾರಾಗುತ್ತದೆ.

ದೂರದೂರಿನಲ್ಲಿ ಇರುವವರಿಗೆ ವಿಡಿಯೊ ಕರೆ ಇದೆ. ಜೊತೆಗಿರದ ಪೋಷಕರು ಮಗುವಿನೊಡನೆ ಮಾತಾಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2020ರ ಯಶಿತಾ ಸಾಹು ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ಯಾವ ಫೋನು, ಎಷ್ಟು ಗಂಟೆಗೆ, ಕರೆ ತಪ್ಪಿದರೆ ಮತ್ತೆ ಯಾವಾಗ ಎಂಬುದನ್ನೂ ಬರೆಯಿರಿ.

ಮಧ್ಯಸ್ಥಿಕೆ: ಇಲ್ಲಿ ಸಮಯ ಕೊಡಿ

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮು ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವಾಗಿಸಿದೆ. ಆದ್ದರಿಂದ ಪ್ರಕರಣ ಆಪ್ತ ಸಮಾಲೋಚಕರ ಬಳಿಗೋ ಮಧ್ಯಸ್ಥಿಕಾ ಕೇಂದ್ರಕ್ಕೋ ಹೋಗುತ್ತದೆ. ಅಲ್ಲಿ ಆಡಿದ ಮಾತು ಗೌಪ್ಯ, ನಂತರ ಅದನ್ನು ಪಾಟೀಸವಾಲಿನಲ್ಲಿ ಬಳಸುವಂತಿಲ್ಲ. ಹೆಚ್ಚಿನವರು ಇದನ್ನು ಮುಗಿಸಬೇಕಾದ ಶಾಸ್ತ್ರವೆಂದು ಭಾವಿಸಿ ಹತ್ತು ನಿಮಿಷದಲ್ಲಿ "ಆಗಲ್ಲ" ಎಂದು ಎದ್ದು ಬರುತ್ತಾರೆ. ಅದು ದೊಡ್ಡ ನಷ್ಟ. ನ್ಯಾಯಾಧೀಶರಿಗೆ ಪಟ್ಟಿಯಲ್ಲಿ ಹತ್ತಾರು ಪ್ರಕರಣಗಳಿರುತ್ತವೆ. ಮಗುವಿನ ಈಜು ತರಗತಿಯ ಸಮಯವನ್ನೂ ಭಾನುವಾರದ ಬಸ್ಸನ್ನೂ ಕೂತು ಚರ್ಚಿಸುವ ವ್ಯವಧಾನ ಇರುವುದು ಈ ಕೋಣೆಯಲ್ಲಿ ಮಾತ್ರ. ಜೀವಭಯವಿರುವವರು ಮಾತ್ರ ಎದುರುಬದುರು ಕೂರಲು ಒಪ್ಪಬೇಕಿಲ್ಲ, ಬೇರೆ ಬೇರೆ ಕೂರಿಸಿ ಮಾತಾಡಿಸಿ ಎಂದು ಕೇಳಬಹುದು.

ಒಪ್ಪಂದ ಬರೆಯುವಾಗಿನ ತಪ್ಪು ಯಾವಾಗಲೂ ಒಂದೇ. "ತಂದೆಯು ಮಗುವನ್ನು ಸೂಕ್ತ ಸಮಯದಲ್ಲಿ ಭೇಟಿ ಮಾಡಬಹುದು" ಎಂಬ ಸಾಲು ನೋಡಿ. ಸೂಕ್ತ ಎಂದರೆ ಯಾರಿಗೆ ಸೂಕ್ತ? ಈ ಸಾಲನ್ನು ಹಿಡಿದು ಅಮಲ್ಜಾರಿ ಅರ್ಜಿ ಹಾಕಿದರೆ ಉಲ್ಲಂಘನೆ ಯಾವಾಗ ಆಯಿತೆಂದು ತೋರಿಸಲು ದಿನಾಂಕವೇ ಸಿಗುವುದಿಲ್ಲ. ಅದನ್ನೇ ಹೀಗೆ ಬರೆಯಬೇಕು: "ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ಕ್ಕೆ ತಂದೆಯು ತಾಯಿಯ ಮನೆಯ ಗೇಟಿನಿಂದ ಮಗುವನ್ನು ಕರೆದೊಯ್ದು, ಭಾನುವಾರ ಸಂಜೆ 5ಕ್ಕೆ ಅಲ್ಲಿಗೇ ತಂದು ಬಿಡತಕ್ಕದ್ದು. ಮಗುವಿಗೆ ಅನಾರೋಗ್ಯವಿದ್ದಲ್ಲಿ ತಾಯಿಯು ಹಿಂದಿನ ದಿನ ರಾತ್ರಿ 8ರೊಳಗೆ ವೈದ್ಯರ ಚೀಟಿಯ ಚಿತ್ರ ಕಳಿಸತಕ್ಕದ್ದು. ತಪ್ಪಿದ ಭೇಟಿಯನ್ನು ಮುಂದಿನ ಶನಿವಾರ ನೀಡತಕ್ಕದ್ದು." ಬೇಸಿಗೆ ರಜೆಯ ಮೊದಲರ್ಧ ಯಾರಿಗೆ, ಹಬ್ಬ ಒಂದು ವರ್ಷ ಬಿಟ್ಟು ಒಂದು ವರ್ಷ ಹೇಗೆ, ಹುಟ್ಟುಹಬ್ಬಕ್ಕೆ ಎಷ್ಟು ಗಂಟೆ, ಪಾಸ್‌ಪೋರ್ಟ್ ಯಾರ ಬಳಿ, ಊರು ಬದಲಿಸುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಶಸ್ತ್ರಚಿಕಿತ್ಸೆಗೆ ಯಾರ ಸಹಿ ಬೇಕು, ಎಲ್ಲವೂ ಹೀಗೆ ಗಡಿಯಾರ, ಕ್ಯಾಲೆಂಡರ್, ಸ್ಥಳದ ಹೆಸರಿನೊಂದಿಗೆ ಇರಲಿ. ಪರಸ್ಪರ ಒಪ್ಪಿಗೆಯ ಡಿಕ್ರಿಗೆ, ಅಂದರೆ ನ್ಯಾಯಾಲಯದ ಅಂತಿಮ ಆದೇಶಕ್ಕೆ, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಮಿನಡಿ ಮೇಲ್ಮನವಿಯೇ ಇಲ್ಲ. ಸಹಿ ಹಾಕುವ ಮುನ್ನ ಒಂದು ರಾತ್ರಿ ಮನೆಗೆ ಒಯ್ದು ಓದಿ, ಕ್ಯಾಲೆಂಡರ್ ತೆರೆದು ಮುಂದಿನ ಮೂರು ತಿಂಗಳ ಮೇಲೆ ಅದನ್ನು ಹಚ್ಚಿ ನೋಡಿ. ಎಲ್ಲಿ ಗೊಂದಲವಾಗುತ್ತದೋ ಅಲ್ಲಿ ಒಂದು ಸಾಲು ಕಡಿಮೆಯಿದೆ ಎಂದರ್ಥ.

"ಮಗುವಿನ ಪರವಾಗಿ ಮುಂದೆ ಏನನ್ನೂ ಕೇಳುವುದಿಲ್ಲ" ಎಂಬ ಷರತ್ತನ್ನು ಯಾರಾದರೂ ಸೇರಿಸಿದರೆ ತೆಗೆಸಿ. ಜೀವನಾಂಶ ಮಗುವಿನ ಹಕ್ಕು, ಅದನ್ನು ತಾಯಿಯೋ ತಂದೆಯೋ ಬಿಟ್ಟುಕೊಡುವಂತಿಲ್ಲ.

ಜೀವನಾಂಶದ ಲೆಕ್ಕ

ಸಂಬಳದ ಶೇಕಡಾ 25 ಎಂಬ ಅಂಕಿ ಜನರ ಬಾಯಲ್ಲಿದೆ. ಮಕ್ಕಳ ಮಟ್ಟಿಗೆ ಅಂಥ ಸೂತ್ರವಿಲ್ಲ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ಸಿದ್ಧ ಸೂತ್ರವನ್ನು ಒಪ್ಪದೆ, ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರವನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸಬೇಕೆಂದಿತು. ಎದುರುದಾರರಿಗೆ ಅದಕ್ಕೆ ನಾಲ್ಕು ವಾರ. ಮಧ್ಯಂತರ ಅರ್ಜಿ ನಾಲ್ಕರಿಂದ ಆರು ತಿಂಗಳೊಳಗೆ ತೀರ್ಮಾನವಾಗಲಿ, ಹಣ ಅರ್ಜಿ ಹಾಕಿದ ದಿನದಿಂದ ಲೆಕ್ಕವಾಗಲಿ ಎಂದೂ ಹೇಳಿತು. ಕೊನೆಯ ಅಂಶದಿಂದಾಗಿ ಅರ್ಜಿ ಹಾಕಲು ತಡ ಮಾಡಿದ ಪ್ರತಿ ತಿಂಗಳೂ ಮಗುವಿಗೆ ನಷ್ಟ.

ಮಗುವಿನ ಖರ್ಚನ್ನು ತಾಯಿಯ ಖರ್ಚಿನೊಳಗೆ ಮುಚ್ಚಿಡದೆ ಬೇರೆಯೇ ಪಟ್ಟಿ ಮಾಡಿ. ಒಂದು ಮಾದರಿ ನೋಡೋಣ. ಶಾಲಾ ಶುಲ್ಕ ವರ್ಷಕ್ಕೆ 84,000, ಅಂದರೆ ತಿಂಗಳಿಗೆ 7,000 ರೂಪಾಯಿ. ಶಾಲಾ ವಾಹನ ಹತ್ತು ತಿಂಗಳಿಗೆ 1,800ರಂತೆ 18,000. ಹನ್ನೆರಡಕ್ಕೆ ಹಂಚಿದರೆ 1,500. ಪುಸ್ತಕ, ಸಮವಸ್ತ್ರ 1,000. ವೈದ್ಯರು, ಔಷಧಿ 1,000. ಊಟ, ಬಟ್ಟೆ 5,000. ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವವರಿಗೆ 3,500. ಬಾಡಿಗೆ, ವಿದ್ಯುತ್ತಿನಲ್ಲಿ ಮಗುವಿನ ಪಾಲು 4,000. ಒಟ್ಟು 23,000. ಕೈಗೆ ಬರುವ ಸಂಬಳ ಒಬ್ಬರಿಗೆ 70,000, ಇನ್ನೊಬ್ಬರಿಗೆ 30,000 ಆದರೆ ಏಳು ಮೂರರ ಅನುಪಾತದಲ್ಲಿ 16,100 ಮತ್ತು 6,900. ಇದೇ ಅಂತಿಮ ಮೊತ್ತವಲ್ಲ, ಆದರೆ ವಾದಕ್ಕೆ ಗಟ್ಟಿ ನೆಲ. ಇಬ್ಬರೂ ದುಡಿಯುವಾಗ ಹೊಣೆ ಇಬ್ಬರದ್ದೂ ಎಂದು ಸುಪ್ರೀಂ ಕೋರ್ಟ್ 2000ರ ಪದ್ಮಜಾ ಶರ್ಮಾ ಪ್ರಕರಣದಲ್ಲಿ ಹೇಳಿ, ಆದಾಯಕ್ಕೆ ತಕ್ಕಂತೆ 2:1ರಂತೆ ಹಂಚಿತ್ತು.

ಬಾಡಿಗೆಯ ಪಾಲು ಮತ್ತು ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ಬಿಡುವುದೇ ಹೆಚ್ಚು. ಜೂನ್ ಬಂದಾಗ ಶುಲ್ಕದ ಚೀಟಿ ನೋಡಿ ಮತ್ತೆ ಜಗಳ. ಶುಲ್ಕವನ್ನು ನೇರವಾಗಿ ಶಾಲೆಗೆ, ಉಳಿದದ್ದನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಬ್ಯಾಂಕ್ ಖಾತೆಗೆ, ಪ್ರತಿ ಏಪ್ರಿಲ್‌ನಲ್ಲಿ ಇಂತಿಷ್ಟು ಶೇಕಡಾ ಏರಿಕೆ ಎಂದು ಬರೆಸಿದರೆ ಪ್ರತಿ ಬಾರಿ ಹೆಚ್ಚಳದ ಅರ್ಜಿ ಹಾಕುವುದು ತಪ್ಪುತ್ತದೆ. ನಗದು ಬೇಡವೇ ಬೇಡ. ಕೊಟ್ಟವರಿಗೂ ಪುರಾವೆ ಇರುವುದಿಲ್ಲ, ಪಡೆದವರಿಗೂ ಇರುವುದಿಲ್ಲ.

ಆದಾಯ ಬಚ್ಚಿಡುವವರ ವಿಷಯದಲ್ಲಿ ಬಾಯಿಮಾತಿನ ಆರೋಪ ನಿಲ್ಲುವುದಿಲ್ಲ. ಮೂರು ವರ್ಷದ ಬ್ಯಾಂಕ್ ವಿವರ, ಆದಾಯ ತೆರಿಗೆ ಲೆಕ್ಕಪತ್ರ, ಸಂಬಳ ಮತ್ತು ತೆರಿಗೆ ಕಡಿತದ ಫಾರ್ಮ್ 16, ವಾಹನ ಸಾಲದ ಕಂತು, ವಿಮಾ ಕಂತುಗಳನ್ನು ಹಾಜರುಪಡಿಸಲು ನಿರ್ದೇಶನ ಕೇಳಿ. ತಿಂಗಳಿಗೆ 15,000 ದುಡಿಯುತ್ತೇನೆ ಎಂದವರು 18,000 ಕಂತು ಕಟ್ಟುತ್ತಿದ್ದರೆ ಉಳಿದದ್ದನ್ನು ಪ್ರಮಾಣಪತ್ರವೇ ಹೇಳುತ್ತದೆ.

144ನೇ ಕಲಮಿನ ಜೀವನಾಂಶ ಸಾಮಾನ್ಯವಾಗಿ 18 ತುಂಬುವವರೆಗೆ. ಮದುವೆಯಾಗದ, ಸ್ವಂತ ಆದಾಯವಿಲ್ಲದ ಹಿಂದೂ ಮಗಳು ಆಮೇಲೂ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಡಿ ಕೇಳಬಹುದು ಎಂದು 2020ರ ಅಭಿಲಾಷಾ ಪ್ರಕರಣ ಸ್ಪಷ್ಟಪಡಿಸಿದೆ. ಕಾಲೇಜಿನ ಖರ್ಚನ್ನು ಒಪ್ಪಂದದಲ್ಲೇ ಸೇರಿಸುವುದು ಗಂಡುಮಕ್ಕಳ ಮಟ್ಟಿಗಂತೂ ಬಹಳ ಮುಖ್ಯ.

ವಸೂಲಿ: ಇಲ್ಲಿ ಸೇವೆ ಕುಂಟುತ್ತದೆ

ಹಣ ನಿಂತರೆ ಯಾರೂ ತಾವಾಗಿ ಬಂದು ವಸೂಲಿ ಮಾಡಿಕೊಡುವುದಿಲ್ಲ. ಪ್ರತಿ ಬಾರಿಯೂ ಅರ್ಜಿ, ನೋಟಿಸು, ವಿಳಾಸದಲ್ಲಿ ಇಲ್ಲ ಎಂಬ ಷರಾ, ಮತ್ತೆ ವಾಯಿದೆ. ತಿಂಗಳ ಹಣವನ್ನೇ ನಂಬಿದ ಮನೆಗೆ ಇದು ಕ್ರೂರ; ಮಕ್ಕಳ ಹೊಟ್ಟೆ ವಾಯಿದೆಗೆ ಕಾಯುವುದಿಲ್ಲ. ಈ ಕಾರಣಕ್ಕೇ ನಾವು ಈ ಭಾಗಕ್ಕೆ ಕಡಿಮೆ ಅಂಕ ಕೊಡುತ್ತೇವೆ.

ಆದರೂ ಕೈಯಲ್ಲಿರುವ ಆಯುಧಗಳನ್ನು ತಿಳಿದಿರಬೇಕು. 144ನೇ ಕಲಮಿನ ಆದೇಶಕ್ಕೆ ವಾರಂಟ್ ಹೊರಡಿಸಬಹುದು, ಬಾಕಿಯಿರುವ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲು ವಿಧಿಸಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಎಂಬುದು ಸುಳ್ಳು. ಹಣ ಕೊಡಲೇಬೇಕೆಂದು 1988ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಸಿವಿಲ್ ಡಿಕ್ರಿಯಾದರೆ ಸಂಬಳದ ಜಪ್ತಿ ಒಳ್ಳೆಯ ದಾರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದದ್ದನ್ನು ಜಪ್ತಿ ಮಾಡಬಹುದು. ಹಾಗಾಗಿ ಎದುರಿನವರ ಈಗಿನ ಕೆಲಸದ ಸಂಸ್ಥೆಯ ಹೆಸರು, ವಿಳಾಸ ಅರ್ಜಿಯಲ್ಲಿ ಇರಬೇಕು, ಕೆಲಸ ಬದಲಿಸಿದರೆ ತಿಳಿಸಬೇಕೆಂಬ ಷರತ್ತು ಆದೇಶದಲ್ಲಿ ಇರಬೇಕು.

ಬಾಕಿಗೂ ಭೇಟಿಗೂ ಗಂಟು ಹಾಕಬೇಡಿ. ಹಣ ಬಂದಿಲ್ಲವೆಂದು ಮಗುವನ್ನು ತೋರಿಸದಿರುವುದು, ಮಗುವನ್ನು ತೋರಿಸಲಿಲ್ಲವೆಂದು ಹಣ ನಿಲ್ಲಿಸುವುದು, ಎರಡೂ ಆದೇಶದ ಉಲ್ಲಂಘನೆಯೇ. ಭೇಟಿ ತಪ್ಪಿದ ದಿನ ಗೇಟಿನ ಮುಂದೆ ಕೂಗಾಡುವ ಬದಲು ಸಮಯ ಬರೆದು ಒಂದು ಸಂದೇಶ ಕಳಿಸಿ. ಅಂಥ ಮೂರು ಸಂದೇಶಗಳು ಒಂದು ಗಂಟೆಯ ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಪರಿಸ್ಥಿತಿ ಬದಲಾದರೆ ಆದೇಶವನ್ನೂ ಬದಲಾಯಿಸಬಹುದು. ಸುಪರ್ದಿಯ ಆದೇಶ ಎಂದೂ ಕೊನೆಯ ಮಾತಲ್ಲ ಎಂದು 1973ರ ರೋಸಿ ಜೇಕಬ್ ಪ್ರಕರಣದಿಂದ ನಡೆದುಬಂದಿದೆ. ಜೀವನಾಂಶದ ಮೊತ್ತವನ್ನು ಏರಿಸಲು, ಕೆಲಸ ಕಳೆದುಕೊಂಡವರು ಇಳಿಸಲು ಅದೇ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿದೆ. ಆದರೆ ಅರ್ಜಿ ಹಾಕದೆ ತಾವೇ ಮೊತ್ತ ಇಳಿಸಿಕೊಂಡರೆ ಆ ವ್ಯತ್ಯಾಸವೆಲ್ಲ ಬಾಕಿಯಾಗಿ ಬೆಳೆಯುತ್ತದೆ.

ಯಾರಿಗೆ ಎಷ್ಟು ಖರ್ಚು

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಗಂಡಸರಿಗೂ ಪರಿಶಿಷ್ಟ ಜಾತಿ, ಪಂಗಡ, ಅಂಗವೈಕಲ್ಯ ಅಥವಾ ಆದಾಯದ ಮಿತಿಯ ಆಧಾರದ ಮೇಲೆ ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100. ಉಚಿತ ವಕೀಲರ ಬಗ್ಗೆ ಅಪನಂಬಿಕೆ ಬೇಡ, ಆದರೆ ಖರ್ಚಿನ ಪಟ್ಟಿಯನ್ನೂ ದಿನಚರಿಯನ್ನೂ ನೀವೇ ಬರೆದು ಒಯ್ಯಿರಿ. ಅವರ ಮೇಜಿನ ಮೇಲೆ ಕಡತಗಳು ಬಹಳ. ಕಲಾಪ ಗುಟ್ಟಾಗಿ ನಡೆಯಲಿ ಎಂದು ಇಬ್ಬರಲ್ಲಿ ಒಬ್ಬರು ಕೇಳಿದರೂ ನ್ಯಾಯಾಲಯ ಹಾಗೇ ನಡೆಸಬೇಕು, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಕಲಮು ಅದನ್ನು ಕಡ್ಡಾಯ ಮಾಡಿದೆ. ವಾಯಿದೆ ನೋಡಲು ಇ-ಕೋರ್ಟ್ಸ್ ಆ್ಯಪ್ ಚೆನ್ನಾಗಿದೆ. ನಿಮ್ಮ ಪ್ರಕರಣದ ಗುರುತಾದ 16 ಅಕ್ಷರ ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಆದೇಶ ಬಂದ ಮೇಲೆ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ. ಮೇಲ್ಮನವಿಗೆ ಇರುವುದು 30 ದಿನ ಮಾತ್ರ. ಒಂದು ಪ್ರತಿ ಶಾಲೆಯ ಕಚೇರಿಗೆ ಕೊಡಿ, ಮಗುವನ್ನು ಯಾರು ಕರೆದೊಯ್ಯಬಹುದು ಎಂದು ಅವರಿಗೆ ತಿಳಿದಿರಲಿ. 144ನೇ ಕಲಮಿನ ಬಾಕಿಯನ್ನು ವಾರಂಟ್ ಮೂಲಕ ಪಡೆಯಲು, ಹಣ ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಹಣ ನಿಂತ ಮೊದಲ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹತ್ತನೇ ತಿಂಗಳಿಗೆ ವಕೀಲರ ಮುಂದೆ ಕೂತಿರಿ.